ಏಳನೆಯ ದಿನದ ಗೆರೆ

ದಾರ ಸಾಲದೆ ಹೋಗಬಹುದೆಂಬ ಅಳುಕು ಅವನಿಗೆ ಮೊದಲಿನಿಂದಲೇ ಇತ್ತು. ಅಕ್ಕನ ಹೊಲಿಗೆ ಡಬ್ಬಿಯಿಂದ ಕೇಳದೆ ತೆಗೆದುಕೊಂಡ ಬಿಳಿ ದಾರ. ಕೇಳಿದ್ದರೆ ಕೊಡುತ್ತಿದ್ದಳು, ಆದರೆ ಯಾಕೆ ಎನ್ನುತ್ತಿದ್ದಳು, ಯಾಕೆಂದು ಹೇಳಿದರೆ ನಗುತ್ತಿದ್ದಳು, ನಕ್ಕ ಮೇಲೆ ಇನ್ನೂ ಉದ್ದದ್ದೊಂದನ್ನು ಕತ್ತರಿಸಿ ಕೊಡುತ್ತಿದ್ದಳು. ಆ ಕೊಡುವಿಕೆಯನ್ನು ತಡೆದುಕೊಳ್ಳುವುದೇ ಕಷ್ಟ. ಹಾಗಾಗಿ ಐವತ್ತನಾಲ್ಕು ವರ್ಷದ ಮನುಷ್ಯ ಶನಿವಾರ ಮಧ್ಯಾಹ್ನ ಬಾಗಿಲು ಮುಂದೆ ಮಾಡಿಕೊಂಡು, ನಾಲ್ಕು ಹಾಳೆ ಅಂಟಿಸಿದ ನಕ್ಷೆಯನ್ನು ನೆಲದ ಮೇಲೆ ಹರಡಿ, ಮೂಲೆಗಳಿಗೆ ಇಸ್ತ್ರಿಪೆಟ್ಟಿಗೆ, ನಿಘಂಟು, ಹೊಸ ಶೂ ಒಂದೊಂದು ಹೇರಿ, ಮಂಡಿಯೂರಿ, ಸರೋವರದ ದಂಡೆಯುದ್ದಕ್ಕೂ ಕದ್ದ ದಾರವನ್ನು ಮಲಗಿಸುತ್ತಿದ್ದ. ನೀರು ಒಳಗೆ ನುಗ್ಗಿದಲ್ಲಿ ದಾರವೂ ಒಳಗೆ, ದಂಡೆ ಮೂಗು ಚಾಚಿದಲ್ಲಿ ದಾರವೂ ಹೊರಗೆ, ಬಾಗುವಲ್ಲೆಲ್ಲ ಗುಂಡುಸೂಜಿ. ಹದಿಮೂರು ಕಿಲೋಮೀಟರಿಗೆ ಒಂದು ಗಂಟು, ಒಂದು ಗಂಟಿಗೆ ಒಂದು ದಿನ. ಸೇತುವೆಯ ಹತ್ತಿರದ ಅರಣ್ಯ ಕಚೇರಿಯಿಂದ ಹೊರಟು, ಆರು ದಿನ ಪಶ್ಚಿಮದ ಕಾಡು, ಏಳನೆಯ ದಿನ ಮೇಲಿನ ಜೌಗು, ಆಮೇಲೆ ಪೂರ್ವದ ದಂಡೆ ಹಿಡಿದು ಹನ್ನೊಂದನೆಯ ದಿನ ಮತ್ತೆ ಅದೇ ಸೇತುವೆ. ಕೂಡಿಟ್ಟ ರಜೆಯೂ ಹನ್ನೊಂದು ದಿನ. ಜೀವನದಲ್ಲಿ ಎರಡು ಲೆಕ್ಕ ಇಷ್ಟು ಸರಿಯಾಗಿ ಕೂಡಿದ್ದು ಅವನಿಗೆ ನೆನಪಿಲ್ಲ. ಕೂಡಿದ್ದರಿಂದಲೇ ಎಲ್ಲೋ ತಪ್ಪಿರಬೇಕು ಎಂದು ಮೂರು ಸಲ ಅಳೆದಿದ್ದ.

ಇಪ್ಪತ್ತೆಂಟು ವರ್ಷದಿಂದ ಈ ಸರೋವರವನ್ನು ಬರೆಯುತ್ತ ಬಂದವನು ಅದನ್ನು ಕಣ್ಣಾರೆ ಕಂಡಿರಲಿಲ್ಲ. ಭೂಮಾಪನ ಕಚೇರಿಯ ನಕ್ಷೆ ವಿಭಾಗದಲ್ಲಿ ಅವನ ಕೆಲಸ, ಸರ್ವೇಯರುಗಳು ಹೊರಗೆ ಅಳೆದು ಬರೆದು ತಂದ ಪುಸ್ತಕಗಳನ್ನು ನೋಡಿ ಪಾರದರ್ಶಕ ಹಾಳೆಯ ಮೇಲೆ ಶಾಯಿಯಲ್ಲಿ ಗೆರೆ ಎಳೆಯುವುದು. ಕಚೇರಿಯಲ್ಲಿ ಅವನ ಹೆಸರು ಗೆರೆಯಪ್ಪ. ಮನೆಗೆ ಬರುವ ಪತ್ರಗಳಲ್ಲಿ ಮಾತ್ರ ಬೇರೆ ಹೆಸರಿತ್ತು, ಪತ್ರಗಳು ಬರುವುದು ನಿಂತಿತ್ತು. "ನಿಮ್ಮ ಜೊತೆ ಇರೋದು ಅಂದ್ರೆ ನಕ್ಷೆ ನೋಡಿ ಊರು ನೋಡಿದೆ ಅಂದ್ಕೊಂಡ ಹಾಗೆ" ಎಂದು ಹೆಂಡತಿ ಹೋಗುವಾಗ ಹೇಳಿದ್ದಳು. ಅದಕ್ಕೆ ತಕ್ಕ ಉತ್ತರ ಅವನಿಗೆ ಹೊಳೆದದ್ದು ನಾಲ್ಕು ವರ್ಷದ ಮೇಲೆ, ಹಲ್ಲುಜ್ಜುವಾಗ: ನಡೆದು ನೋಡುತ್ತೇನೆ. ಅಂದಿನಿಂದ ಪಟ್ಟಿಗಳು. ಕಾಲುಚೀಲ ನಾಲ್ಕು ಜೊತೆ, ಮಂಡಿಯವರೆಗಿನ ಮಳೆಯಂಗಿ, ಜಿಗಣೆಗೆ ಉಪ್ಪು. ಬೆಳಗ್ಗೆ ಬೆನ್ನಚೀಲಕ್ಕೆ ಆರು ಇಟ್ಟಿಗೆ ಹಾಕಿಕೊಂಡು ಬೀದಿ ಸುತ್ತುವ ಅಭ್ಯಾಸ. ಮೊದಲ ದಿನವೇ ಎದುರುಮನೆಯಾಕೆ "ಊರಿಗಾ?" ಎಂದಳು. ಇಟ್ಟಿಗೆ ಎನ್ನಲಾಗದೆ ಹೂಂ ಎಂದ. ಮರುದಿನವೂ ಅವಳು ಅಲ್ಲೇ ನಿಂತಿದ್ದಳು. ಆಮೇಲೆ ಅವನು ಹಿಂದಿನ ಗಲ್ಲಿಯಲ್ಲಿ ಸುತ್ತತೊಡಗಿದ.

"ಏನೋ ಅದು, ಬಾಗಿಲು ಹಾಕ್ಕೊಂಡು?" ಅಕ್ಕ ಹೊಲಿಗೆಯಂತ್ರ ನಿಲ್ಲಿಸಿ ಒಳಗೆ ಇಣುಕಿದಳು. ಗಂಡ ತೀರಿಕೊಂಡ ಮೇಲೆ ಅವಳೂ ಅವನೂ ಒಂದೇ ಮನೆ. "ಓ, ನಡಿಗೆ ಶುರುವಾಯ್ತಾ? ಅಲ್ಲೇ ಇರೋ ಹಾಲಿನಂಗಡಿಗೆ ಛತ್ರಿನೂ ಟೋಪಿನೂ ಎರಡೂ ತಗೊಂಡು ಹೋಗೋ ಪ್ರಾಣಿ ನೀನು. ನಿನಗೆ ಕಾಡು ಬೇರೆ, ಜೌಗು ಬೇರೆ!"

"ಹನ್ನೊಂದೇ ದಿನ ಅಕ್ಕಾ."

"ಹನ್ನೊಂದಾಗ್ಲಿ ನೂರಾಗ್ಲಿ. ನನ್ನ ದಾರ ಸುತ್ತಿ ವಾಪಸ್ ಇಡು." ಬಾಗಿಲು ಎಳೆದುಕೊಂಡು ಹೋದಳು. ನಕ್ಕಿರಲಿಲ್ಲ. ಹನ್ನೊಂದು ದಿನ ಅವಳೊಬ್ಬಳೇ ಇರಬೇಕಲ್ಲ ಎಂಬುದು ಯಾವ ಪಟ್ಟಿಯಲ್ಲೂ ಬಂದಿಲ್ಲವೆಂದು ಅವನಿಗೆ ಆಗ ತೋರಿತು. ಮುಖ ಬಿಸಿಯಾಗಿ ಮತ್ತೆ ನಕ್ಷೆಯ ಮೇಲೆ ಬಗ್ಗಿದ. ಬಗ್ಗಿದ್ದು ಏಳನೆಯ ಗಂಟಿನ ಮೇಲೆ. ಕಾಲುದಾರಿಗೆ ಕಚೇರಿಯ ಗುರುತು ತುಂಡುಗೆರೆ: ನಾಲ್ಕು ಮಿಲಿಮೀಟರ್ ಗೆರೆ, ಒಂದು ಮಿಲಿಮೀಟರ್ ಬಿಡುವು. ಪಶ್ಚಿಮದ ಕಾಡಿನಲ್ಲಿ ಆ ಗೆರೆ ಕುಡಿದವನಂತೆ ವಾಲಾಡುತ್ತಿತ್ತು, ನಿಜವಾದ ದಾರಿಗಳು ಹಾಗೇ ಇರುತ್ತವೆ. ಬಂಡೆ ಬಂದರೆ ಸುತ್ತುತ್ತವೆ, ಹಳ್ಳ ಬಂದರೆ ಮೇಲೆ ಹೋಗಿ ದಾಟಿ ಕೆಳಗೆ ಬರುತ್ತವೆ. ಜೌಗಿನಲ್ಲಿ ಮಾತ್ರ, ಅಂಚಿನಿಂದ ಅಂಚಿಗೆ ಒಂಬತ್ತು ಸೆಂಟಿಮೀಟರ್, ಅದು ಹುಬ್ಬಿನಂತೆ ನಯವಾಗಿ ಬಾಗಿತ್ತು. ಯಾವ ಮನುಷ್ಯನೂ ಜೌಗಿನಲ್ಲಿ ಇಷ್ಟು ನಯವಾಗಿ ನಡೆಯುವುದಿಲ್ಲ. ಇದು ಕಾಲಿನ ಬಾಗಲ್ಲ, ಕಚೇರಿಯ ಮೇಜಿನ ಎಡಗಡೆಯ ಡ್ರಾಯರಿನಲ್ಲಿರುವ, ಬಾಗಿದ ಗೆರೆ ಎಳೆಯುವ ಪ್ಲಾಸ್ಟಿಕ್ ಬಾಗುಪಟ್ಟಿಯದು. ಅವನು ತುಂಡುಗಳನ್ನು ಎಣಿಸಿದ. ಹದಿನೆಂಟು. ಎಣಿಸುವ ಮೊದಲೇ ಹದಿನೆಂಟು ಎಂದು ಬೆರಳಿಗೆ ಗೊತ್ತಿತ್ತು.

ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಅಂದು ಸಂಜೆ ಆರೂವರೆಗೆ ಸಂಜೆ ತರಗತಿಯ ಕೊನೆಯ ಪರೀಕ್ಷೆ, ಹಾಳೆ ಅಚ್ಚಿಗೆ ಹೋಗಬೇಕಾದದ್ದು ಐದಕ್ಕೆ. ಅಳತೆ ಪುಸ್ತಕದಲ್ಲಿ ಜೌಗಿನ ಪುಟ ನೀರು ಕುಡಿದು ಶಾಯಿಯೆಲ್ಲ ಹರಡಿ, ಒಣಗಿದ ನೀಲಿ ಮೋಡವಾಗಿತ್ತು. ಹಿಂದಿನ ಪುಟದಲ್ಲಿ ದಾರಿ ಪಶ್ಚಿಮದಿಂದ ಜೌಗಿನ ಅಂಚಿಗೆ ಬರುತ್ತಿತ್ತು, ಮುಂದಿನ ಪುಟದಲ್ಲಿ ಪೂರ್ವದ ಅಂಚಿನಿಂದ ಹೊರಡುತ್ತಿತ್ತು. ನಡುವೆ ಮೋಡ. ಹಾಗಿದ್ದಾಗ ಏನು ಮಾಡಬೇಕೆಂಬ ನಿಯಮ ಮೊದಲ ವಾರವೇ ಕಲಿಸಿದ್ದು: ಗೊತ್ತಿಲ್ಲದ ಜಾಗವನ್ನು ಬಿಳಿ ಬಿಡಬೇಕು, ಒಳಗೆ ಸಣ್ಣಕ್ಷರದಲ್ಲಿ 'ಅಳತೆಯಾಗಿಲ್ಲ' ಎಂದು ಬರೆಯಬೇಕು. ಬರೆದರೆ ಮುಖ್ಯಸ್ಥರ ಸಹಿ ಬೇಕು. ಅವನು ಮುಖ್ಯಸ್ಥರ ಬಾಗಿಲ ಮುಂದೆ ಎರಡು ಸಲ ಹೋಗಿ ನಿಂತ. ಒಳಗೆ ಯಾರೋ ನಗುತ್ತಿದ್ದರು. ನಗುವವರ ನಡುವೆ ನುಗ್ಗಿ ಸಹಿ ಕೇಳುವುದು ಹೇಗೆ? ಎರಡನೆಯ ಸಲ ತಿರುಗಿ ಬಂದು, ಬಾಗುಪಟ್ಟಿ ಇಟ್ಟು, ಅಂಚಿಗೆ ಅಂಚು ಸೇರಿಸಿದ. ಆಮೇಲೆ ತಿದ್ದಿಸೋಣ ಎಂದುಕೊಂಡಿದ್ದ. ಪರೀಕ್ಷೆಯಲ್ಲಿ ಎರಡು ಅಂಕದ ಅಂತರದಲ್ಲಿ ಪಾಸಾದ. ಆ ಪ್ರಮಾಣಪತ್ರ ಈಗ ಅವನ ತಲೆಯ ಮೇಲೇ, ಗೋಡೆಯಲ್ಲಿ, ಗಾಜಿನೊಳಗೆ ತೂಗುತ್ತಿತ್ತು. ತಿದ್ದಿಸುವ ದಿನ ಬರಲಿಲ್ಲ ಎಂದರೆ ಸುಳ್ಳು. ಹತ್ತೊಂಬತ್ತು ವರ್ಷದ ಪ್ರತಿ ದಿನವೂ ಬಂದಿತ್ತು. ಅವನು ಮರೆತಿದ್ದ. ಎಷ್ಟು ಚೆನ್ನಾಗಿ ಮರೆತಿದ್ದನೆಂದರೆ, ಐದು ವರ್ಷದಿಂದ ಅದೇ ಗೆರೆಯ ಮೇಲೆ ತನ್ನ ಏಳನೆಯ ದಿನವನ್ನು ಇಟ್ಟುಕೊಂಡು, ಮಧ್ಯಾಹ್ನದ ಊಟಕ್ಕೆ ಒಂಬತ್ತನೆಯ ತುಂಡಿನ ಹತ್ತಿರ ಕೂರುವುದೆಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡಿದ್ದ.

ಸೋಮವಾರ ಮೂಲ ಹಾಳೆ ನೋಡಬೇಕೆಂದು ಕಚೇರಿಯ ಉಗ್ರಾಣಕ್ಕೆ ಹೋದಾಗ, ಅಲ್ಲಿಯವನು ಉಕ್ಕಿನ ಡ್ರಾಯರ್ ಎಳೆಯುತ್ತ, "ಏನ್ ಗೆರೆಯಪ್ಪನೋರೆ, ಹಳೇ ಪಾಪ ಹುಡುಕ್ತಿದೀರಾ?" ಎಂದ. ಎಲ್ಲರಿಗೂ ಹೇಳುವ ಹಾಸ್ಯ. ಉಗ್ರಾಣದವನೇ ಹಾಳೆಯ ಇನ್ನೊಂದು ತುದಿ ಹಿಡಿದುಕೊಂಡ. ಮೂಲೆಯಲ್ಲಿ ಅವನದೇ ಪುಟ್ಟ ಸಹಿ, ತಾರೀಕು. ಇನ್ನೊಂದೇ ಆಸೆ ಉಳಿದಿತ್ತು: ಪುಟ ನೆನೆದಿದ್ದರೇನು, ಸರ್ವೇಯರ್ ಅಲ್ಲಿ ನಡೆದಿದ್ದಾನಲ್ಲ! ನೆನೆಯುವ ಮೊದಲು ಆ ಪುಟದಲ್ಲಿ ದಾರಿ ಇತ್ತಲ್ಲ! ನನ್ನ ಗೆರೆ ಅಲ್ಲಲ್ಲಿ ಜಾರಿರಬಹುದು, ಪೂರಾ ಸುಳ್ಳೇನಲ್ಲ. ಈ ವಾದವನ್ನು ಬಸ್ಸಿನಲ್ಲಿ ಒಪ್ಪಿಕೊಂಡು, ಇಳಿಯುವಷ್ಟರಲ್ಲಿ ನಂಬಿ, ಆ ಅಳತೆ ಪುಸ್ತಕ ಬರೆದಿದ್ದ ನಿವೃತ್ತ ಸರ್ವೇಯರರ ಮೂರನೆಯ ಮಹಡಿಯ ಮನೆಯ ಗಂಟೆ ಒತ್ತಿದ.

ಸರ್ವೇಯರ್ ಬಾಲ್ಕನಿಯಲ್ಲಿ ಕೂತು ಸೊಸೆಗೆ ಬಟಾಣಿ ಸುಲಿದುಕೊಡುತ್ತಿದ್ದರು. ಎತ್ತರದ ಆಳು, ಕಾಲುಗಳನ್ನು ಎಲ್ಲಿಡಬೇಕೆಂದು ಇನ್ನೂ ಗೊತ್ತಾಗದವರಂತೆ ಮಡಚಿಕೊಂಡಿದ್ದರು. "ಗೆರೆಯಪ್ಪ! ಇನ್ನೂ ಇದೀರಾ? ಕಂಪ್ಯೂಟರು ಯಾವತ್ತೋ ನಿಮ್ಮನ್ನ ನುಂಗಿರಬೇಕು ಅಂದ್ಕೊಂಡಿದ್ದೆ."

"ನುಂಗಿದೆ ಸರ್. ಜೀರ್ಣ ಆಗಿಲ್ಲ, ಅಷ್ಟೆ."

ಸರ್ವೇಯರ್ ಹೊಟ್ಟೆ ಹಿಡಿದು ನಕ್ಕರು. ಅವನಿಗೂ ಆಶ್ಚರ್ಯವಾಯಿತು. ಬಹಳ ದಿನದ ಮೇಲೆ ಯಾರನ್ನೋ ನಗಿಸಿದ್ದ. ಈಗಲೇ ಎದ್ದು ಹೋದರೆ ಎಷ್ಟು ಚೆನ್ನ ಅನ್ನಿಸಿತು. ತಾನೂ ಒಂದು ಹಿಡಿ ಬಟಾಣಿ ತೆಗೆದುಕೊಂಡು ಸುಲಿಯುತ್ತ, ಸರೋವರದ ಸುತ್ತ ನಡೆಯಬೇಕೆಂದಿದ್ದೇನೆ ಎಂದ. ಆಮೇಲೆ, ಕಾಳುಗಳನ್ನು ನೋಡುತ್ತಲೇ, "ಜೌಗಿನ ಪುಟ ಒಂದು ನೆನೆದಿತ್ತಲ್ಲ ಸರ್, ಅದರಲ್ಲಿ ಏನಿತ್ತು?" ಎಂದು ಕೇಳಿದ.

ಸರ್ವೇಯರರ ಹೆಬ್ಬೆರಳು ಸಿಪ್ಪೆಯೊಳಗೇ ನಿಂತಿತು. ಅಡಿಗೆಮನೆಯತ್ತ ಒಮ್ಮೆ ನೋಡಿದರು. "ನೆನೆದಿರಲಿಲ್ಲ. ನೆನೆಸಿದ್ದು," ಎಂದರು. "ಏನೂ ಇರಲಿಲ್ಲ ಅದರಲ್ಲಿ. ನಾನು ಆ ಜೌಗು ದಾಟಿಲ್ಲ. ಸೊಂಟದವರೆಗೆ ಹೋದೆ. ಅಳತೆ ಕೋಲು ಇಳಿಬಿಟ್ಟೆ. ಇಳೀತಾನೇ ಹೋಯ್ತು. ಕೊನೆಗೆ ಕೋಲಿನ ತುದಿ ನನ್ನ ಕೈಯೊಳಗೆ ಉಳೀತು, ಕೆಳಗೆ ನೆಲ ಸಿಗಲೇ ಇಲ್ಲ. ವಾಪಸ್ ಬಂದೆ. ಸುತ್ತಿ ಬಳಸಿ ಆ ಕಡೆಯಿಂದ ಶುರು ಮಾಡಿದೆ, ಅಲ್ಲೂ ಅದೇ ಕಥೆ. 'ಆಗಲಿಲ್ಲ' ಅಂತ ಬರೆಯೋಕೆ ಕೈ ಬರಲಿಲ್ಲ ಕಣ್ರಿ. ಉಳಕೊಂಡಿದ್ದ ರೂಮಲ್ಲಿ ಒಂದು ಬಕೆಟ್ ಇತ್ತು, ಹಾಳೆ ಅದ್ದಿದೆ. ಯಾರಾದ್ರೂ ಕೇಳ್ತಾರೆ, ಆಗ ಹೇಳಿದ್ರಾಯ್ತು ಅಂತ. ಯಾರೂ ಕೇಳಲಿಲ್ಲ. ಆಮೇಲೆ ನಕ್ಷೆ ಬಂತು. ನೋಡ್ತೀನಿ, ಗೆರೆ ಇದೆ!"

"ಹೌದು ಸರ್."

"ಯಾರೋ ದಾಟಿದಾನೆ. ನನ್ನ ಹಿಂದೇನೇ ಇನ್ನೊಬ್ಬನ್ನ ಕಳಿಸಿದಾರೆ, ಅವನು ಹೋಗಿ ಅಳೆದು ಬಂದಿದಾನೆ, ನನ್ನ ಮರ್ಯಾದೆ ಉಳೀಲಿ ಅಂತ ನನಗೆ ಹೇಳಿಲ್ಲ. ಆ ವಾರಾನೇ ಬರೆದುಕೊಟ್ಟೆ, ನನ್ನನ್ನ ದಾಖಲೆ ವಿಭಾಗಕ್ಕೆ ಹಾಕಿ ಅಂತ. ಮತ್ತೆ ಹೊರಗೆ ಕೋಲು ಹಿಡೀಲಿಲ್ಲ. ಹದಿನಾಲ್ಕು ವರ್ಷ ಕೂತ್ಕೊಂಡು ಫೈಲಿಗೆ ದಾರ ಕಟ್ಟಿದೆ." ಬಟಾಣಿಯ ತಟ್ಟೆ ಪಕ್ಕಕ್ಕೆ ಸರಿಸಿ ಮುಂದಕ್ಕೆ ಬಾಗಿದರು. "ಆ ಹಾಳೆ ಬರೆದಿದ್ದು ನೀವೇ ಅಲ್ವಾ? ಅವನ ಪುಸ್ತಕ ನಿಮ್ಮ ಕೈಗೇ ಬಂದಿರುತ್ತೆ. ಯಾರು ಅವನು? ಸಿಟ್ಟಿಲ್ಲ ನನಗೆ. ಎಲ್ಲಿ ಕಾಲಿಟ್ಟ, ಅಷ್ಟೇ ಕೇಳಬೇಕು."

ಬಾಲ್ಕನಿಯಲ್ಲಿ ಸೊಸೆ ಒಣಹಾಕಿದ್ದ ಬಟ್ಟೆಗಳ ನೆರಳು ಅವರ ಮುಖದ ಮೇಲೆ ಆಡುತ್ತಿತ್ತು. ಹೇಳಲು ಬೇಕಾದದ್ದು ಎರಡೇ ಮಾತು. ಬಾಯಿ ತೆರೆದ, ಆಗ ಅವನಿಗೆ ಕಂಡದ್ದು ಮುಖ್ಯಸ್ಥರ ಮುಚ್ಚಿದ ಬಾಗಿಲು, ಒಳಗಿನ ನಗು. "ನೆನಪಾಗ್ತಿಲ್ಲ ಸರ್. ನೋಡಿ ಹೇಳ್ತೀನಿ," ಎಂದ. ಮೂರು ಮಹಡಿಯ ಮೆಟ್ಟಿಲು ಇಳಿಯುವಾಗ ಮುಷ್ಟಿಯಲ್ಲಿ ಏನೋ ಇದೆಯೆಂದು ಬಿಚ್ಚಿ ನೋಡಿದರೆ ನಾಲ್ಕು ಬಟಾಣಿ ಕಾಳು ಬೆವರಿನಲ್ಲಿ ಮೆತ್ತಗಾಗಿದ್ದವು. ಬೀದಿಯಲ್ಲಿ ಬಿಸಾಡಲು ಮನಸ್ಸು ಬಾರದೆ ಜೇಬಿಗೆ ಹಾಕಿಕೊಂಡ. ಒಬ್ಬ ಮನುಷ್ಯನ ಹದಿನಾಲ್ಕು ವರ್ಷವನ್ನು ತಾನು ಐದು ನಿಮಿಷದಲ್ಲಿ, ಒಳ್ಳೆಯ ಶಾಯಿಯಲ್ಲಿ, ಕಚೇರಿಯ ಅಳತೆಗೆ ಸರಿಯಾಗಿ, ತುಂಡು ಮಾಡಿದ್ದ. ಇಲ್ಲದ ಒಬ್ಬ ಧೀರನನ್ನು ಹುಟ್ಟಿಸಿ ಇರುವವನನ್ನು ಕುರ್ಚಿಗೆ ಕಟ್ಟಿದ್ದ.

ನಡಿಗೆಯ ಪತ್ರವನ್ನು ಮುಂಚಿತವಾಗಿ ಅರಣ್ಯ ಕಚೇರಿಗೆ ಕೊಡಬೇಕು: ಯಾವ ದಿನ ಎಲ್ಲಿ ತಂಗುವಿರಿ, ಜೊತೆಗೆ ಯಾರು, ಹೊರೆ ಏನು. ಮುಂದಿನ ಶನಿವಾರ ಆ ಪತ್ರ, ಶಾಯಿ ಪೆನ್ನು, ಅರ್ಧ ಬ್ಲೇಡು ಚೀಲದಲ್ಲಿಟ್ಟುಕೊಂಡು ಮೂರು ಗಂಟೆ ಕಾಲ ಬಸ್ಸಿನಲ್ಲಿ ಕೂತು ಹೋದ. ನಡಿಗೆ ಬೇಡ ಎಂದು ಹೇಳಿಬರಲು ಹೊರಟಿದ್ದನೋ, ಪತ್ರ ಕೊಟ್ಟು ಬರಲೋ, ಅವನಿಗೇ ಸ್ಪಷ್ಟವಿರಲಿಲ್ಲ. ಬ್ಲೇಡು ಯಾಕೆಂದಂತೂ ಕೇಳಿಕೊಂಡಿರಲಿಲ್ಲ. ಸೇತುವೆಯ ಹತ್ತಿರ ಇಳಿದಾಗ ಎದುರಿಗೆ ಸರೋವರ. ಅದು ನೀಲಿಯಾಗಿರಲಿಲ್ಲ. ಹಳೆಯ ಪಾತ್ರೆಯ ತಳದ ಬಣ್ಣ, ದಂಡೆಯಲ್ಲಿ ನೊರೆ, ಪಾಚಿ ವಾಸನೆ. ಆಚೆಯ ದಂಡೆ ಕಾಣಿಸಲೇ ಇಲ್ಲ. ಅವನು ಯಾವಾಗಲೂ ಎರಡೂ ದಂಡೆಯನ್ನು ಒಟ್ಟಿಗೆ ಕಂಡವನು. ಇಲ್ಲಿ ನಿಂತವರಿಗೆ ಒಂದು ದಂಡೆ ಮಾತ್ರ ಸಿಗುತ್ತದೆಂದು ಇಪ್ಪತ್ತೆಂಟು ವರ್ಷ ಹೊಳೆದಿರಲಿಲ್ಲ.

ಕಚೇರಿಯೆಂದರೆ ಒಂದು ಕೋಣೆ, ಗೋಡೆಯ ಮೇಲೆ ಗಾಜಿಲ್ಲದ ಚೌಕಟ್ಟಿನಲ್ಲಿ ಅವನದೇ ನಕ್ಷೆ, ಮೇಜಿನ ಹಿಂದೆ ಕಿತ್ತಳೆ ಬಿಡಿಸುತ್ತಿದ್ದ ವನರಕ್ಷಕಿ. ನಲವತ್ತರ ಹೆಂಗಸು, ಬೂಟು ಬಿಚ್ಚಿ ಕಾಲನ್ನು ಇನ್ನೊಂದು ಕುರ್ಚಿಯ ಮೇಲಿಟ್ಟಿದ್ದಳು. ಸುತ್ತು ನಡಿಗೆಯ ವಿಷಯಕ್ಕೆ ಬಂದಿದ್ದೇನೆ ಎಂದ. "ಕೂತ್ಕೊಳ್ಳಿ. ಇದರಲ್ಲಿ ಹಿಂದೆ ಹೋದವರು ಬರೆದಿದಾರೆ, ಓದಿಕೊಳ್ಳಿ. ಎಲ್ರೂ ಸುತ್ತು ಹಾಕ್ತೀನಿ ಅಂತಾನೇ ಹೋಗ್ತಾರೆ," ಎಂದು ದಪ್ಪ ಪುಸ್ತಕವೊಂದನ್ನು ಅವನತ್ತ ದೂಡಿದಳು.

ಓದಿದ. 'ಆರನೆಯ ತಂಗುದಾಣದಿಂದ ವಾಪಸ್. ಕಾಲುನೋವು.' 'ಆರನೆಯದರಿಂದ ವಾಪಸ್. ನಕ್ಷೆ ಓದಲು ನನಗೆ ಬರುವುದಿಲ್ಲವೆಂದು ತಿಳಿಯಿತು.' 'ಜೌಗಿನಲ್ಲಿ ದಾರಿ ತಪ್ಪಿಸಿಕೊಂಡೆವು. ಇವರು ನನ್ನ ಮೇಲೆ ರೇಗಿದರು. ತಪ್ಪು ನನ್ನದೇ.' 'ಎದೆಯವರೆಗೆ ಹೂತಿದ್ದೆ, ಗೆಳೆಯ ಎಳೆದ. ಮೊದಲೇ ಅಭ್ಯಾಸ ಮಾಡಬೇಕಿತ್ತು.' ಪುಟದ ಮೇಲೆ ಪುಟ. ಬೇರೆ ಬೇರೆ ಕೈಬರಹ, ಬೇರೆ ಬೇರೆ ವರ್ಷ. ಎಲ್ಲರೂ ಒಂದೇ ಜಾಗದಿಂದ ತಿರುಗಿದ್ದರು, ಪ್ರತಿಯೊಬ್ಬರೂ ತಮ್ಮ ತಮ್ಮ ಕಾರಣ ಬರೆದಿದ್ದರು. ದಾರಿ ಇಲ್ಲ ಎಂದು ಒಬ್ಬರೂ ಬರೆದಿರಲಿಲ್ಲ. ಅಚ್ಚಾದ ಗೆರೆಯ ಮುಂದೆ ಎಲ್ಲರೂ ತಮ್ಮನ್ನೇ ಅನುಮಾನಿಸಿದ್ದರು. ಇಷ್ಟು ವರ್ಷ ಒಬ್ಬನೇ ಎಂದುಕೊಂಡಿದ್ದ ಅವನಿಗೆ, ತನ್ನ ಮನಸ್ಸನ್ನೇ ಯಾರೋ ಹಂಚಿಕೊಂಡು ಈ ಪುಸ್ತಕದಲ್ಲಿ ಬರೆದಂತಿತ್ತು. ಅದರಿಂದ ಸಮಾಧಾನವಾಗಲಿಲ್ಲ. ಒಬ್ಬೊಬ್ಬರೂ ಒಂಟಿಯಾಗಿಯೇ ತಿರುಗಿದ್ದರು.

"ಸೋಮವಾರ ಒಂದು ತಾಯಿ ಮಗಳು ಹೊರಡ್ತಾರೆ," ಎಂದಳು ವನರಕ್ಷಕಿ, ಕಿತ್ತಳೆಯ ತೊಳೆಯೊಂದನ್ನು ಅವನ ಮುಂದಿಡುತ್ತ. "ತಾಯಿಗೆ ಅರವತ್ತು. ಛಲ ನೋಡಿ. ಜೌಗು ದಾಟೇ ದಾಟ್ತೀವಿ, ನಕ್ಷೆಯಲ್ಲಿ ದಾರಿ ಇದೆಯಲ್ಲ ಅಂತಾರೆ."

"ಇಲ್ಲ," ಎಂದ.

"ಏನಿಲ್ಲ?"

"ದಾರಿ ಇಲ್ಲ. ಆ ಗೆರೆ ನಾನು ಎಳೆದಿದ್ದು. ಕಚೇರಿಯಲ್ಲಿ ಕೂತ್ಕೊಂಡು. ಪರೀಕ್ಷೆಗೆ ಹೊತ್ತಾಗಿತ್ತು." ಪರೀಕ್ಷೆಯ ಮಾತು ಸೇರಿಸಬಾರದಿತ್ತು ಎಂದು ತಕ್ಷಣ ಅನ್ನಿಸಿತು.

ಅವಳು ಅವನನ್ನು ನೋಡಿದಳು, ಗೋಡೆಯ ನಕ್ಷೆಯನ್ನು ನೋಡಿದಳು, ಕಾಲು ಕೆಳಗಿಟ್ಟಳು. ಬೈಯುತ್ತಾಳೆಂದು ಕಾದ. ಬೈದಿದ್ದರೆ ಹಗುರವಾಗುತ್ತಿತ್ತೇನೋ. "ಅಯ್ಯೋ ದೇವರೇ, ನಾನು ಒಂಬತ್ತು ವರ್ಷದಿಂದ ಜನಕ್ಕೆ 'ಸರಿಯಾಗಿ ಹುಡುಕಿ, ಇರುತ್ತೆ' ಅಂತ ಹೇಳ್ತಾ ಇದೀನಲ್ರೀ," ಎಂದಳು. ಆಮೇಲೆ ಪುಸ್ತಕ ತಿರುಗಿಸಿಕೊಂಡು ಖಾಲಿ ಸಾಲಿನ ಮೇಲೆ ಬೆರಳಿಟ್ಟಳು. "ಇಲ್ಲಿ ಬರೆದು ಸಹಿ ಹಾಕಿ. ಯಾವ ಕಚೇರಿ ಅಂತಾನೂ ಬರೀರಿ. ಆ ತಾಯಿಗೆ ನಾನೇ ಹೇಳ್ತೀನಿ, ಆರನೇದರಿಂದ ವಾಪಸ್ ಬನ್ನಿ ಅಂತ."

ಬರೆದ. ಸಹಿ ಹಾಕಿದ. ಅದು ಕಚೇರಿಗೆ ತಲುಪುತ್ತದೆ, ನಿವೃತ್ತಿಗೆ ಆರು ವರ್ಷವಿರುವಾಗ ಯಾರೋ ಕರೆದು ಕೇಳುತ್ತಾರೆ, ಉಗ್ರಾಣದವನು ಅದೇ ಹಾಸ್ಯವನ್ನು ಇನ್ನು ಬೇರೆ ದನಿಯಲ್ಲಿ ಹೇಳುತ್ತಾನೆ. ಎದ್ದು ಗೋಡೆಯ ಹತ್ತಿರ ಹೋಗಿ ಅರ್ಧ ಬ್ಲೇಡು ತೆಗೆದ.

"ಏ, ಏ! ಸರ್ಕಾರಿ ನಕ್ಷೆ ಅದು, ಕೆರೀಬಾರದು!"

"ಬರೆದವನು ನಾನೇ ಅಮ್ಮಾ. ಐದು ನಿಮಿಷ."

ಹದಿನೆಂಟು ತುಂಡನ್ನೂ ಒಂದೊಂದಾಗಿ, ಕಾಗದ ಹರಿಯದಂತೆ ಅಡ್ಡವಾಗಿ ಬ್ಲೇಡು ಹಿಡಿದು, ಉಗುರಿನಿಂದ ಉಜ್ಜಿ, ಊದಿ ತೆಗೆದ. ಕೈ ನಡುಗಲಿಲ್ಲ, ಕೆಲಸದಲ್ಲಿ ಅದು ಯಾವತ್ತೂ ನಡುಗಿರಲಿಲ್ಲ, ಅದೇ ಅಲ್ಲವೇ ತೊಂದರೆ. ಆಮೇಲೆ ಹೊರಗೆ ಮೆಟ್ಟಿಲ ಮೇಲೆ ನಿಂತು ಸರ್ವೇಯರರಿಗೆ ಫೋನು ಮಾಡಿದ. ಸೊಸೆ ಎತ್ತಿ ಕರೆದುಕೊಟ್ಟಳು.

"ಸರ್, ಗೆರೆಯಪ್ಪ. ನೋಡಿ ಹೇಳ್ತೀನಿ ಅಂದಿದ್ದೆ. ಯಾರೂ ದಾಟಿಲ್ಲ ಸರ್."

"ಯಾರೂ?"

"ಯಾರನ್ನೂ ಕಳಿಸಿರಲಿಲ್ಲ. ಗೆರೆ ನಂದೇ. ಎರಡು ತುದಿ ಸೇರಿಸಿಬಿಟ್ಟೆ."

ಆ ಕಡೆ ಕುಕ್ಕರಿನ ಶಿಳ್ಳೆ, ಯಾರೋ ಬಾಗಿಲು ಹಾಕಿದ ಸದ್ದು. ಉಸಿರು ಕೇಳುತ್ತಿತ್ತು. ಕ್ಷಮೆ ಕೇಳಬೇಕು, ಆದರೆ ಆ ಪದ ತೀರ ಸಣ್ಣದು, ಹದಿನಾಲ್ಕು ವರ್ಷದ ಮೇಲೆ ಇಟ್ಟರೆ ಕಾಣಿಸುವುದೇ ಇಲ್ಲ. ಅದನ್ನು ಬಾಯಲ್ಲಿಟ್ಟುಕೊಂಡು ನಿಂತ. ಆಮೇಲೆ ಸರ್ವೇಯರ್ ಮಾತಾಡಿದರು. ಅಳತೆ ಹೇಳಿ ಬರೆಸುವವರ ಹಳೆಯ ದನಿ, ಏರಿಳಿತವಿಲ್ಲದ್ದು. "ಪಶ್ಚಿಮದ ಅಂಚಲ್ಲಿ ಒಂದು ಒಣಮರ ಇದೆ. ದಾರಿ ಮುಗಿದ ಕಡೆಯಿಂದ ಇಪ್ಪತ್ತು ಹೆಜ್ಜೆ ಎಡಕ್ಕೆ. ಶೂ ಬಿಚ್ಚಿ ಅದರ ಕೊಂಬೆಗೆ ನೇತುಹಾಕಿ ಇಳಿದಿದ್ದೆ. ವಾಪಸ್ ಬಂದಾಗ ತಗೊಳ್ಳೋಕೂ ಧೈರ್ಯ ಇರಲಿಲ್ಲ. ಬರಿಗಾಲಲ್ಲಿ ಬಂದೆ. ಮರ ನಾನು ಪುಸ್ತಕದಲ್ಲಿ ಬರೆದಿಲ್ಲ. ನೀವು ಅವತ್ತೇ ಬಂದು ಕೇಳಬಹುದಿತ್ತು ಕಣ್ರಿ," ಎಂದು ಫೋನಿಟ್ಟರು. ಅವನು ಇನ್ನೂ ಸ್ವಲ್ಪ ಹೊತ್ತು ಅದನ್ನು ಕಿವಿಗೆ ಹಿಡಿದುಕೊಂಡೇ ಇದ್ದ.

ಒಳಗೆ ಬಂದು ಪೆನ್ನು ತೆಗೆದು, ಗೋಡೆಯ ನಕ್ಷೆಯಲ್ಲಿ ಪಶ್ಚಿಮದ ಅಂಚಿಗೆ ಒಣಮರದ ಗುರುತು ಹಾಕಿದ. ಬ್ಲೇಡು ಕೆರೆದು ಒರಟಾದ ಬಿಳಿಯ ಮೇಲೆ ಶಾಯಿ ಸ್ವಲ್ಪ ಹರಡಿತು. ಹರಡುವುದಕ್ಕೆ ಬಿಟ್ಟು, ಸಣ್ಣಕ್ಷರದಲ್ಲಿ 'ಅಳತೆಯಾಗಿಲ್ಲ' ಎಂದು ಬರೆದ. ಅರ್ಧ ನಿಮಿಷವೂ ಹಿಡಿಯಲಿಲ್ಲ.

"ನಿಮ್ಮ ನಡಿಗೆ ಏನಾಯ್ತು? ಸುತ್ತು ಬರೋಕಾಗಲ್ವಲ್ಲ," ಎಂದಳು ವನರಕ್ಷಕಿ.

ಅವನು ತನ್ನ ಪತ್ರವನ್ನು ಬಿಡಿಸಿ ಎಂಟರಿಂದ ಹನ್ನೊಂದನೆಯ ದಿನದವರೆಗಿನದನ್ನು ಹೊಡೆದುಹಾಕಿದ. ಬಂದ ದಾರಿಯಲ್ಲೇ ಹಿಂತಿರುಗಲು ಆರು ದಿನ ಬೇಕು. ರಜೆಗೆ ಒಂದು ದಿನ ಹೆಚ್ಚಾಯಿತು, ಲೆಕ್ಕ ಕೂಡಲಿಲ್ಲ. ಆ ದಿನವನ್ನು ಕೇಳಬೇಕು, ಮುಖ್ಯಸ್ಥರ ಬಾಗಿಲು ತಟ್ಟಿ. ಏಳನೆಯ ದಿನದ ಮುಂದೆ 'ಒಣಮರದಿಂದ ವಾಪಸ್' ಎಂದು ಬರೆದ.

"ಜೊತೆಗೆ ಯಾರು?"

"ಯಾರೂ ಇಲ್ಲ."

"ಹೊರೆ?"

ಅವನು ಯೋಚಿಸಿದ. ಹೊಸ ಶೂಗಳು ಮನೆಯಲ್ಲಿ ನಕ್ಷೆಯ ಮೂಲೆಗಳ ಮೇಲೆ ಕೂತಿದ್ದವು. ಸರ್ವೇಯರರ ಕಾಲು ದೊಡ್ಡದು, ಮರದ ಮೇಲಿನ ಜೊತೆ ಇವಕ್ಕಿಂತ ಒಂದೆರಡು ಅಳತೆ ಹೆಚ್ಚೇ ಇರಬೇಕು.

"ವಾಪಸ್ ಬರುವಾಗ ಒಂದು ಜೊತೆ ಶೂ ಹೆಚ್ಚಿರಬಹುದು," ಎಂದ. "ಉಳಿದಿದ್ದರೆ."